ವರಾಂಡದಲ್ಲಿ ನಿಂತಿದ್ದವನ ಸಾಕ್ಷಿ

ವಿಶಾಖಪಟ್ಟಣ
12-4-1987

ಚಿ. ನರಸಿಂಹಮೂರ್ತಿಗೆ ಅಕ್ಕ ಸುಮಿತ್ರಾಳ ಆಶೀರ್ವಾದ.

ಟ್ರಂಕ್ ಕಾಲ್‌ನಲ್ಲಿ ಸಿಕ್ಕಿದ್ದು ಮೂರು ನಿಮಿಷ. ಅದರಲ್ಲಿ ಎರಡು ನಿಮಿಷ ಅಳುವುದರಲ್ಲೇ ಕಳೆಯಿತು. ಆದ್ದರಿಂದ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ, ಅಪ್ಪ ತಿಪಟೂರಿನಲ್ಲಿ ಪೇಪರ್ ಏಜೆಂಟಾಗಿದ್ದಾಗ ಕಟ್ಟು ಬಿಚ್ಚುತ್ತಾ ನಮಗೆ ಕಲಿಸಿದ ಹಾಗೆ: ಯಾವ ದಿನ, ಎಷ್ಟು ಗಂಟೆ, ಎಲ್ಲಿ, ಯಾರು.

ಕಳೆದ ಭಾನುವಾರ, ಏಪ್ರಿಲ್ 5, ಇಲ್ಲಿನ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮ. ಮುಖ್ಯ ಅತಿಥಿ ನಿಮ್ಮ ವಿಜಯವಾಡದ ಮಾಜಿ ಮಂತ್ರಿ ಸೂರ್ಯಪ್ರಕಾಶ ಗಾರು. ಸಮುದ್ರದ ಕಡೆಯ ಗೆಸ್ಟ್ ಹೌಸಿನಲ್ಲಿ ಇಳಿದಿದ್ದರು. ಅವರನ್ನು ಕರೆತರುವ ಕೆಲಸ ನಿನ್ನ ಭಾವನದು. ಸಂಘದ ಅಧ್ಯಕ್ಷರ ಅಂಬಾಸಿಡರ್ ತೆಗೆದುಕೊಂಡು ಆರೂ ಮುಕ್ಕಾಲಿಗೆ ಹಾಲ್‌ನಿಂದ ಹೊರಟರು. ಸೂರ್ಯಪ್ರಕಾಶ ಗಾರು ಫೋನಿನಲ್ಲಿದ್ದರಂತೆ. ಇವರನ್ನು ಒಳಗೆ ಕರೆದು ಕೂರಿಸಿಕೊಂಡರು. ಇಬ್ಬರೂ ಹಾಲ್‌ಗೆ ಬಂದಾಗ ಎಂಟೂ ಇಪ್ಪತ್ತು.

ಅದೇ ಸಂಜೆ ಏಳೂವರೆಗೆ ಬಂದರಿನ ಗೇಟಿನ ಹತ್ತಿರ ಮೇಸ್ತ್ರಿ ವೆಂಕಟರಮಣನಿಗೆ ಯಾರೋ ಕಬ್ಬಿಣದ ಸಲಾಕೆಯಿಂದ ಹೊಡೆದರು. ಮಾರನೆಯ ದಿನ ಅವನು ಸತ್ತ. ಹದಿನೈದು ದಿನದ ಹಿಂದೆ, ಕೂಲಿಯೊಬ್ಬನ ಕಾಲು ಮುರಿದಾಗ, ನಿನ್ನ ಭಾವ ಎಲ್ಲರೆದುರು ಆ ಮೇಸ್ತ್ರಿಯ ಮೇಲೆ ಕೂಗಾಡಿದ್ದರು. ಸರಕು ಎಣಿಸಿ ಬರೆದುಕೊಳ್ಳುವ ಟ್ಯಾಲಿ ಕ್ಲರ್ಕಿಗೆ ಕೂಲಿಗಳ ಉಸಾಬರಿ ಯಾಕೆ ಎಂದು ನಾನೇ ಬೈದಿದ್ದೆ. ಈಗ ಕಂಟ್ರಾಕ್ಟರನ ಇಬ್ಬರು ಆಳುಗಳು ಮೂರು ಜನರ ಹೆಸರು ಹೇಳಿದ್ದಾರೆ. ಮೂರನೆಯ ಹೆಸರು ನಿನ್ನ ಭಾವನದೇ, ಕಾಮೇಶ್ವರ ರಾವ್. ಒಂಬತ್ತನೇ ತಾರೀಕು ಬೆಳಿಗ್ಗೆ ತಿಂಡಿಗೆ ಕೂತಿದ್ದವರನ್ನು ಪೊಲೀಸರು ಎಬ್ಬಿಸಿಕೊಂಡು ಹೋದರು.

ಹಾಲ್‌ನಲ್ಲಿದ್ದ ನಲವತ್ತು ಜನವೂ ನಿಜವನ್ನೇ ಹೇಳುತ್ತಾರೆ: ಕಾಮೇಶ್ವರ ಆರೂ ಮುಕ್ಕಾಲಿಗೆ ಹೋದರು, ಎಂಟೂ ಇಪ್ಪತ್ತಕ್ಕೆ ಬಂದರು. ಆ ನಿಜ ನಮಗೇ ಮುಳುವು. ನಡುವಿನ ಹೊತ್ತಿಗೆ ಸಾಕ್ಷಿ ಸೂರ್ಯಪ್ರಕಾಶ ಗಾರು ಒಬ್ಬರೇ.

ನನಗೆ ಅವರ ಮೇಲೆ ನಂಬಿಕೆಯಿದೆ. ಊಟಕ್ಕೆ ಕೂತಾಗ ನನ್ನನ್ನು ಕರೆದು ಕನ್ನಡದಲ್ಲಿ, "ಅಕ್ಕಾ, ಒಬ್ಬಟ್ಟು ನೀವು ಮಾಡಿದ್ದಾ? ನಾನು ಬೆಂಗಳೂರಲ್ಲಿ ಲಾ ಓದಿದವನು. ಕನ್ನಡನಾಡು ನನಗೆ ಎರಡನೇ ತವರು" ಎಂದರು. ನನ್ನ ಗಿರಿಜಾಳೇ ನಾನು ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಕೊಡುತ್ತಾಳೆ. ಅಂಥದ್ದರಲ್ಲಿ ಅಷ್ಟು ದೊಡ್ಡ ಮನುಷ್ಯರು ಅಕ್ಕಾ ಎಂದರೆ ಕಣ್ಣು ತುಂಬಿ ಬಂತು. ಎದುರಿಗೆ ಕೂತು ಐದು ನಿಮಿಷ ಮಾತಾಡಿದರೆ ಮನುಷ್ಯ ಎಂಥವನು ಅಂತ ತಿಳಿಯುತ್ತೆ, ಪೇಪರಿನಿಂದ ತಿಳಿಯಲ್ಲ ಎಂದು ಪೇಪರ್ ಮಾರುತ್ತಿದ್ದ ಅಪ್ಪನೇ ಹೇಳುತ್ತಿದ್ದರಲ್ಲ.

ನೀನು ಅದೇ ಊರಿನ ಬ್ಯಾಂಕಿನಲ್ಲಿದ್ದೀಯ. ಹೋಗಿ ಕಾಣು.

ಅಕ್ಕ


ವಿಜಯವಾಡ
27-4-1987

ಪ್ರೀತಿಯ ಅಕ್ಕನಿಗೆ,

ನಿನ್ನೆ ಬೆಳಿಗ್ಗೆ ಪದ್ಮಾಳನ್ನೂ ಕರೆದುಕೊಂಡು ಸೂರ್ಯಪ್ರಕಾಶ ಅವರ ಮನೆಗೆ ಹೋಗಿದ್ದೆ. ಒಂಬತ್ತಕ್ಕೇ ನಲವತ್ತಕ್ಕಿಂತ ಹೆಚ್ಚು ಜನ ಕಾಯುತ್ತಿದ್ದರು. ಚೀಟಿಯಲ್ಲಿ ಕನ್ನಡದವನೆಂದು ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಕರೆ ಬಂತು.

ನೀನು ಬರೆದದ್ದು ಅಕ್ಷರಶಃ ನಿಜ. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಪದ್ಮಾಳ ಹೆಸರು ಕೇಳಿದರು, ತವರು ಯಾವುದೆಂದು ಕೇಳಿದರು. ಫಿಲ್ಟರ್ ಕಾಫಿ ತರಿಸಿದರು. ಭಾವನ ಸಂಗತಿ ಹೇಳಿದಾಗ ಕಣ್ಣು ಮುಚ್ಚಿ ಕೇಳಿ, "ಎಂಥಾ ಅನ್ಯಾಯ! ಒಂದು ಮಾತು ತಾನೇ? ಬಂದು ಹೇಳ್ತೀನಿ ಬಿಡಿ" ಎಂದರು. ಹೊರಡುವಾಗ ಗೇಟಿನವರೆಗೆ ಬಂದರು. ಒಬ್ಬ ಮಾಜಿ ಮಂತ್ರಿ ಬ್ಯಾಂಕಿನ ಫೀಲ್ಡ್ ಆಫೀಸರನನ್ನು ಗೇಟಿನವರೆಗೆ ಕಳಿಸಿಕೊಟ್ಟದ್ದನ್ನು ನಾನಂತೂ ನೋಡಿಲ್ಲ.

ಪದ್ಮಾಳ ಸ್ವಭಾವ ನಿನಗೆ ಗೊತ್ತಲ್ಲ. ರಿಕ್ಷಾದಲ್ಲಿ ಕೂತ ಮೇಲೆ, "ರೀ, ಅವರು ಭಾವನ ಹೆಸರನ್ನ ಒಂದ್ಸಲನೂ ಹೇಳಲಿಲ್ಲ, ನೋಡಿದ್ರಾ?" ಎಂದಳು. ನಾನು, "ನಿನ್ನ ಹೆಸರು ಹೇಳಿದರಲ್ಲ, ಸಾಕು" ಎಂದು ರೇಗಿಸಿದೆ.

ಲಾಯರ್ ದಕ್ಷಿಣಾಮೂರ್ತಿಗಳಿಗೆ ಸಾಕ್ಷಿ ಸಿಕ್ಕಿತೆಂದು ಹೇಳು. ಧೈರ್ಯವಾಗಿರು.

ನಿನ್ನ ತಮ್ಮ
ನರಸಿಂಹಮೂರ್ತಿ


ವಿಶಾಖಪಟ್ಟಣ
21-6-1987

ಚಿ. ನರಸಿಂಹ,

ಎರಡನೇ ಸಲವೂ ಜಾಮೀನು ಸಿಗಲಿಲ್ಲ. ಅದು ಒಂದು ಸುದ್ದಿ. ಇನ್ನೊಂದಕ್ಕೆ ನಿನ್ನ ಸಲಹೆ ಬೇಕು.

ಮೊನ್ನೆ ಶುಕ್ರವಾರ ಮಧ್ಯಾಹ್ನ ನಮ್ಮ ವಾರ್ಡಿನ ಕಾರ್ಪೊರೇಟರ್ ದುರ್ಗಾಪ್ರಸಾದ್ ಮನೆಗೆ ಬಂದ. ಸೂರ್ಯಪ್ರಕಾಶ ಗಾರಿಗೂ ಇವನಿಗೂ ಆಗುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಇವನ ಮೇಲೆ ಎರಡು ಹೊಡೆದಾಟದ ಕೇಸುಗಳಿವೆ. ಚಪ್ಪಲಿ ಬಿಡದೆ ಒಳಗೆ ಬಂದು, ನಿನ್ನ ಭಾವನ ಕುರ್ಚಿಯಲ್ಲೇ ಕೂತ. ಕಾಫಿ ತರಲೇ ಎಂದರೆ, "ಕಾಫಿ ಗೀಫಿ ಬೇಡಮ್ಮ. ನೆಂಟಸ್ತನಕ್ಕೆ ಬಂದಿಲ್ಲ" ಎಂದ. ಮಾತೆಲ್ಲ ತೆಲುಗಿನಲ್ಲಿ. ನಾನು ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

"ನಿನ್ನ ಗಂಡನ್ನ ಅವತ್ತು ಗೆಸ್ಟ್ ಹೌಸಲ್ಲಿ ನಾನು ನೋಡಿದ್ದೀನಿ" ಎಂದ.

"ನೀವು ಅಲ್ಲಿಗೆ ಯಾಕೆ ಹೋಗಿದ್ರಿ?" ಎಂದೆ.

"ನೀರಿನ ಪೈಪಿನ ಅರ್ಜಿ ಕೊಡೋಕೆ. ಅವರಿಗೂ ನನಗೂ ಆಗಲ್ಲ, ಆದ್ರೂ ವಾರ್ಡಿಗೆ ನೀರು ಬೇಕಲ್ಲ. ಏಳು ಗಂಟೆಯಿಂದ ವರಾಂಡದಲ್ಲಿ ನಿಲ್ಲಿಸಿದ್ರು. ಕಾರ್ಪೊರೇಟರ್ ನಾನು, ಒಂದು ಕುರ್ಚಿ ಹಾಕಲಿಲ್ಲ! ನಿನ್ನ ಗಂಡ ಬಂದ. ನೀಲಿ ಗೆರೆ ಶರ್ಟು. ಎಡಗೈಯಲ್ಲಿ ಮಲ್ಲಿಗೆ ಹಾರದ ಪೊಟ್ಟಣ, ಬಾಳೆ ಎಲೆದು, ನೀರು ತೊಟ್ಟಿಕ್ತಾ ಇತ್ತು. ನನ್ನ ಕಡೆ ತಿರುಗಿಯೂ ನೋಡದೆ ಸೀದಾ ಒಳಗೆ ಹೋದ. ಎಂಟು ಗಂಟೆ ಮೇಲೆ ಇಬ್ಬರೂ ನಗ್ತಾ ಹೊರಗೆ ಬಂದು ಕಾರು ಹತ್ತಿದ್ರು. ಹೊಟ್ಟೆ ಉರೀತು. ಅದಕ್ಕೇ ನೆನಪಿದೆ."

"ನಮ್ಮ ಮೇಲೆ ಯಾಕೆ ಇಷ್ಟು ದಯೆ?"

"ದಯೆ ಗಿಯೆ ಏನೂ ಇಲ್ಲ. ನಿನ್ನ ಗಂಡ ಎರಡು ಎಲೆಕ್ಷನ್‌ನಲ್ಲೂ ನನ್ನ ವಿರುದ್ಧ ಕೆಲಸ ಮಾಡಿದ. ಕಂಡಿದ್ದನ್ನ ಕಂಡೆ ಅಂತೀನಿ. ಬೇಕಾ ಬೇಡವಾ?"

"ಯೋಚಿಸಿ ಹೇಳ್ತೀನಿ."

"ಯೋಚಿಸೋಕೆ ಇದೇನು ಸೀರೆ ಅಂಗಡಿನಾ?" ಎಂದು ಎದ್ದು ಹೋದ. ಅವನ ಚಪ್ಪಲಿಯ ಮಣ್ಣನ್ನು ಎರಡು ಸಲ ಒರೆಸಿದೆ.

ಶರ್ಟಿನ ಬಣ್ಣ ಸರಿ. ಹಾರದ ಪೊಟ್ಟಣವನ್ನು ಕಟ್ಟಿಕೊಟ್ಟವಳು ನಾನೇ. ಆದರೆ ಇಂಥವನ ಮಾತನ್ನು ಕೋರ್ಟು ನಂಬುತ್ತದೆಯೇ? ದಕ್ಷಿಣಾಮೂರ್ತಿಗಳು, "ಇಬ್ಬರ ಹೆಸರನ್ನೂ ಸಾಕ್ಷಿಗಳ ಪಟ್ಟಿಯಲ್ಲಿ ಹಾಕಬಹುದು, ನಿಮ್ಮವರನ್ನು ಕೇಳಿ ನೋಡಿ" ಎಂದರು. ನನ್ನವನು ಎಂದರೆ ನೀನು.

ಅಕ್ಕ


ವಿಜಯವಾಡ
3-7-1987

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂದ ಮೇಲೆ ಮತ್ತೊಮ್ಮೆ ಹೋಗಿ ಸೂರ್ಯಪ್ರಕಾಶ ಅವರನ್ನು ಕಂಡೆ. ಈ ಸಲ ಒಬ್ಬನೇ ಹೋಗಿದ್ದೆ. ಅದೇ ಪ್ರೀತಿ, ಅದೇ ಮಾತು. ಆದರೆ ದುರ್ಗಾಪ್ರಸಾದನ ಹೆಸರು ಪಟ್ಟಿಯಲ್ಲಿದ್ದರೆ ತಾವು ಬರುವುದು ಕಷ್ಟ ಎಂದು ಸ್ಪಷ್ಟವಾಗಿ ಹೇಳಿದರು. ಅವನಂಥವನು ಹತ್ತಿದ ಕಟಕಟೆಯನ್ನು ತಾವು ಹತ್ತಲು ಆಗದು ಎಂದರು. ಅದು ನ್ಯಾಯವೇ.

ಅವನನ್ನು ದೂರ ಇಡು. ಒಂದು ಒಳ್ಳೆಯ ಸಾಕ್ಷಿ ಸಾಕು.

ನನಗೆ ಕರ್ನಾಟಕಕ್ಕೆ ವರ್ಗವಾಗುವ ಹಾಗಿದೆ. ಮಾಮೂಲಿನ ಸರದಿ. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇರುತ್ತೇನೆ.

ನರಸಿಂಹಮೂರ್ತಿ


ವಿಶಾಖಪಟ್ಟಣ
14-2-1988

ಚಿ. ನರಸಿಂಹ,

ನೀನು ಬರೆದು ಏಳು ತಿಂಗಳಾಯಿತು. ವರ್ಗದ ಓಡಾಟವಿರಬಹುದು.

ಪ್ರತಿ ಮಂಗಳವಾರ ಜೈಲಿಗೆ ಹೋಗುತ್ತೇನೆ. ಹದಿನೈದು ನಿಮಿಷ. ಮೊದಲ ದಿನವೇ ವಾರ್ಡರ್, ನಮಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡಬಾರದು ಎಂದ. ನಿನ್ನ ಭಾವ ಹೊರಗೆಲ್ಲ ತೆಲುಗು ಆಡಿದರೂ ಅವರ ತಾಯಿ ಕನ್ನಡದವರು. ಮದುವೆಯಾಗಿ ಹದಿನಾರು ವರ್ಷದಲ್ಲಿ ನಾವಿಬ್ಬರೇ ಇದ್ದಾಗ ಕನ್ನಡ ಬಿಟ್ಟು ಬೇರೆ ಮಾತು ಆಡಿದವರಲ್ಲ. ಈಗ ಅವರು ಜಾಲರಿಯ ಆಚೆಯಿಂದ ತೆಲುಗಿನಲ್ಲಿ, "ಆರೋಗ್ಯ ಹೇಗಿದೆಯಂಡಿ?" ಎನ್ನುತ್ತಾರೆ. ನಾನು, "ಚೆನ್ನಾಗಿದೆಯಂಡಿ" ಎನ್ನುತ್ತೇನೆ. ಬ್ಯಾಂಕಿನ ಕೌಂಟರಿನಲ್ಲಿ ನಿಂತು ಮಾತಾಡಿದ ಹಾಗೆ. ಬಹಳ ತೆಳ್ಳಗಾಗಿದ್ದಾರೆ. ಬಿ.ಪಿ. ಮಾತ್ರೆ ಸರಿಯಾಗಿ ಕೊಡುತ್ತಾರೋ ಇಲ್ಲವೋ ಕೇಳಿದರೆ ನಗುತ್ತಾರೆ.

ನೀನು ಹೇಳಿದ ಹಾಗೆ ಪಟ್ಟಿಯಲ್ಲಿ ಒಂದೇ ಹೆಸರು ಕೊಟ್ಟಿದ್ದೇವೆ. ಸೂರ್ಯಪ್ರಕಾಶ ಗಾರಿಗೆ ಮಾರ್ಚ್ 24ಕ್ಕೆ ಸಮನ್ಸ್ ಹೋಗಿದೆ. ಇನ್ನೊಂದು ಸಲ ಹೋಗಿ ನೆನಪಿಸು. ಶರ್ಟಿನ ಬಣ್ಣ ನೀಲಿ ಗೆರೆ ಎಂದೂ ಹೇಳು. ಅಷ್ಟು ಮಾಡಿದರೆ ನನಗೆ ಪತ್ರ ಬರೆಯದಿದ್ದರೂ ಪರವಾಗಿಲ್ಲ.

ಅಕ್ಕ


ವಿಶಾಖಪಟ್ಟಣ
26-3-1988

ನರಸಿಂಹ,

24ರಂದು ನಡೆದದ್ದು ಇದು.

ಹತ್ತು ಗಂಟೆಗೆ ನಾನೂ ಗಿರಿಜಾಳೂ ಕೋರ್ಟಿಗೆ ಹೋದೆವು. ಕಾರಿಡಾರಿನ ಬೆಂಚಿನ ಮೇಲೆ ದುರ್ಗಾಪ್ರಸಾದ್ ಕೂತಿದ್ದ. ಯಾರೂ ಕರೆದಿರಲಿಲ್ಲ. ಸೂರ್ಯಪ್ರಕಾಶ ಗಾರು ಅವನನ್ನು ನಮ್ಮ ಜೊತೆ ನೋಡಿದರೆ ಏನು ತಿಳಿದುಕೊಳ್ಳುತ್ತಾರೋ ಎಂದು ಹೆದರಿ, ನಾನು ಮುಖ ತಿರುಗಿಸಿಕೊಂಡು ಹೋದೆ.

ಸೂರ್ಯಪ್ರಕಾಶ ಗಾರು ಹನ್ನೊಂದೂವರೆಗೆ ಬಂದರು. ಬಂದವರೇ, "ಅಕ್ಕಾ, ತಿಂಡಿ ಆಯ್ತಾ?" ಎಂದರು. ಗಿರಿಜಾಳ ತಲೆ ಸವರಿದರು. ಆ ಒಂದು ನಿಮಿಷ ನನಗೆ, ಇಂದು ನಿನ್ನ ಭಾವನ ಜೊತೆ ಮನೆಗೆ ಹೋಗುತ್ತೇನೆ ಎಂದೇ ಅನಿಸಿತ್ತು.

ದಕ್ಷಿಣಾಮೂರ್ತಿಗಳು, "ಅಂದು ನಿಮ್ಮನ್ನು ಕರೆದೊಯ್ಯಲು ಬಂದು, ಏಳರಿಂದ ಎಂಟರವರೆಗೆ ನಿಮ್ಮ ಜೊತೆ ಇದ್ದವರು ಇವರೇ ತಾನೇ?" ಎಂದು ಕೇಳಿದರು. ಅವರು ನಿನ್ನ ಭಾವನನ್ನು ಬಹಳ ಹೊತ್ತು ನೋಡಿದರು. ನಿನ್ನ ಭಾವ ಕೈ ಮುಗಿದರು. ಅವರೂ ಮುಗಿದರು. ಆಮೇಲೆ, "ಯಾರೋ ಒಬ್ಬರು ಬಂದಿದ್ದರು, ಒಳ್ಳೆಯ ಮನುಷ್ಯ. ಇವರೇ ಎಂದು ಪ್ರಮಾಣ ಮಾಡಿ ಹೇಳಲಾರೆ. ದಿನಕ್ಕೆ ಇನ್ನೂರು ಜನರನ್ನು ನೋಡುತ್ತೇನೆ" ಎಂದರು.

ಲಾಯರು ಶರ್ಟಿನ ಬಣ್ಣ ಕೇಳಿದರು. ಗೊತ್ತಿಲ್ಲ. ಹಾರ? ಎಲ್ಲರೂ ಹಾರ ತರುತ್ತಾರೆ.

ಅದು ಸುಳ್ಳು ಹೇಳುವವರ ಮುಖವಾಗಿರಲಿಲ್ಲ, ನರಸಿಂಹ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ನೀನು ಎರಡು ಸಲ ಹೋಗಿ ಹೇಳಿದ ಮೇಲೂ ಅವರಿಗೆ ನೆನಪಿಲ್ಲ ಎಂಬುದು ನಿನಗೆ ಹೇಗೆ ತಿಳಿಯಲಿಲ್ಲ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ಆಗ ನಾನೇ ಓಡಿಹೋಗಿ, ಕಾರಿಡಾರಿನಲ್ಲಿ ಇನ್ನೊಬ್ಬ ಸಾಕ್ಷಿ ಇದ್ದಾನೆ ಎಂದು ಲಾಯರಿಗೆ ಹೇಳಿದೆ. ಅವನನ್ನೂ ವಿಚಾರಿಸಬೇಕೆಂದು ಅವರು ಕೇಳಿಕೊಂಡರು. ಜಡ್ಜ್, "ಇವರ ಹೆಸರನ್ನು ಪಟ್ಟಿ ಕೊಟ್ಟಾಗಲೇ ಯಾಕೆ ಕೊಡಲಿಲ್ಲ?" ಎಂದರು. ಕೋರಿಕೆಯನ್ನು ತಳ್ಳಿಹಾಕಿದರು. ದುರ್ಗಾಪ್ರಸಾದ್ ಐದು ಗಂಟೆಯವರೆಗೆ ಅದೇ ಬೆಂಚಿನ ಮೇಲೆ ಕೂತಿದ್ದು, ಎದ್ದು ಪಂಚೆ ಕೊಡವಿಕೊಂಡು ಹೋದ.

ಸುಮಿತ್ರಾ


ವಿಜಯವಾಡ
30-4-1988

ಅಕ್ಕ,

ಹದಿನೆಂಟನೇ ತಾರೀಕಿನ ತೀರ್ಪನ್ನು ಇಲ್ಲಿನ ಪೇಪರಿನ ಜಿಲ್ಲಾ ಪುಟದಲ್ಲಿ ಓದಿದೆ. ಮೂವರಿಗೂ ಏಳು ವರ್ಷ. ನಾಲ್ಕು ಸಾಲು. ನೀನು ನನಗೆ ಬರೆಯಲಿಲ್ಲ. ಯಾಕೆಂದು ಕೇಳುವ ಮುಖ ನನಗಿಲ್ಲ.

ಸಾಮಾನಿನ ಲಾರಿ ಬಾಗಿಲಲ್ಲಿ ನಿಂತಿದೆ. ನಾಳೆ ತಿಪಟೂರಿಗೆ ಹೊರಡುತ್ತೇವೆ. ಅದಕ್ಕೆ ಮೊದಲು ಈ ಊರಿನಿಂದಲೇ ಬರೆಯಬೇಕಾದದ್ದು ಇದೆ.

ಮೊದಲ ಸಲ ಹೋದಾಗ ಪದ್ಮಾ ಹೇಳಿದ್ದು ಸರಿ. ಅವರು ಭಾವನ ಹೆಸರು ಹೇಳಲಿಲ್ಲ. "ಯಾವ ಕಾರು?" ಎಂದು ಕೇಳಿದರು. ನಾನು ಹೇಳಿದ ಮೇಲೆ, ಹೌದು ಹೌದು ಎಂದರು. ಅದನ್ನು ನಾನು ನಿನಗೆ ಬರೆಯಲಿಲ್ಲ.

ಎರಡನೇ ಸಲ ನನ್ನನ್ನು "ಶಂಕರಪ್ಪನವರೇ" ಎಂದು ಕರೆದರು. ನಾನು ತಿದ್ದಲಿಲ್ಲ. ನನಗಿಂತ ಮೊದಲು ಒಳಗಿದ್ದವರು ತಮಿಳರು. ಪರದೆಯ ಈಚೆ ಕಾಯುತ್ತಾ ಕೇಳಿಸಿಕೊಂಡೆ: ತಾನು ಮದರಾಸಿನಲ್ಲಿ ಓದಿದವನೆಂದೂ, ತಮಿಳುನಾಡು ತನಗೆ ಎರಡನೇ ತವರೆಂದೂ ಅವರಿಗೆ ತಮಿಳಿನಲ್ಲಿ ಹೇಳುತ್ತಿದ್ದರು. ಅದೇ ದನಿ. ಕೇಳಿಯೂ ಒಳಗೆ ಹೋದೆ, ಕಾಫಿ ಕುಡಿದೆ.

ಆಗ ಅವರು, "ನಿಮಗೇನಾದರೂ ಆಗಬೇಕಾ?" ಎಂದರು. ನಾನು ಊರಿಗೆ ವರ್ಗ ಬೇಕು ಎಂದೆ. ಅಲ್ಲೇ ಫೋನ್ ಮಾಡಿದರು. ಮೂರು ವಾರದಲ್ಲಿ ಆರ್ಡರ್ ಬಂತು. ಮಾಮೂಲಿನ ಸರದಿ ಎಂದು ಬರೆದದ್ದು ಸುಳ್ಳು. ಕೊಟ್ಟ ಮಾತು ಉಳಿಸಿಕೊಳ್ಳುವ ಮನುಷ್ಯ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನು ದುರ್ಗಾಪ್ರಸಾದನ ವಿಷಯ. ಅವನಿದ್ದರೆ ಬರುವುದಿಲ್ಲವೆಂದು ಸೂರ್ಯಪ್ರಕಾಶ ಅವರು ಹೇಳಲೇ ಇಲ್ಲ. ನಾನು ಅವನ ಹೆಸರನ್ನೇ ಎತ್ತಲಿಲ್ಲ. ಅವರ ವಿರೋಧಿಯ ಜೊತೆ ನಮ್ಮ ಮನೆಯವರ ಹೆಸರು ಸೇರಿದರೆ ನನ್ನ ವರ್ಗ ನಿಂತುಹೋದೀತು ಎಂದು ಹೆದರಿ, ಆ ಮಾತನ್ನು ನಾನೇ ಬರೆದೆ. ಫೆಬ್ರವರಿಯಲ್ಲಿ ನೀನು ನೆನಪಿಸು ಎಂದಾಗಲೂ ಹೋಗಲಿಲ್ಲ. ಅವರಿಗೆ ನೆನಪಿಲ್ಲವೆಂಬುದನ್ನು ಕಣ್ಣಾರೆ ನೋಡುವ ಧೈರ್ಯ ನನಗಿರಲಿಲ್ಲ.

ಕ್ಷಮಿಸು ಎಂದು ಬರೆಯುವುದಿಲ್ಲ.

ನರಸಿಂಹಮೂರ್ತಿ


ವಿಶಾಖಪಟ್ಟಣ
22-5-1988

ನರಸಿಂಹಮೂರ್ತಿಗೆ,

ನಿನ್ನ ಪತ್ರವನ್ನು ಎರಡು ಮಂಗಳವಾರ ಚೀಲದಲ್ಲಿಟ್ಟುಕೊಂಡು ಜೈಲಿಗೆ ಹೋಗಿ ನಿನ್ನ ಭಾವನಿಗೆ ಓದಿ ಹೇಳದೆ ವಾಪಸು ಬಂದೆ. ಮೊನ್ನೆ ಮಂಗಳವಾರ ಓದಿದೆ. ವಾರ್ಡರ್ ನಿಂತಿದ್ದ. ಆದ್ದರಿಂದ ನೀನು ಬರೆದ ಒಂದೊಂದು ಸಾಲನ್ನೂ ತೆಲುಗಿಗೆ ತಿರುಗಿಸಿ, ಅವನಿಗೂ ಕೇಳಿಸುವಂತೆ ಓದಬೇಕಾಯಿತು. ನನ್ನ ತಮ್ಮ ಮಾಡಿದ್ದನ್ನು ಆ ವಾರ್ಡರೂ ಕೇಳಿದ. ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ನಿಂತ.

ನಿನ್ನ ಭಾವ ಜಾಲರಿಗೆ ಮುಖ ಹತ್ತಿರ ತಂದು, ವಾರ್ಡರನಿಗೆ ಹೆದರದೆ, ಕನ್ನಡದಲ್ಲಿ, "ಅವನ ಮಕ್ಕಳು ತಿಪಟೂರು ಶಾಲೆಗೆ ಸೇರಿದರಾ?" ಎಂದರು. ಅಷ್ಟೇ.

ಬೈಯುವುದಕ್ಕೆ ನನ್ನಲ್ಲಿ ಶಕ್ತಿಯಿಲ್ಲ. ಕೆಲಸದ ಮಾತು ಬರೆಯುತ್ತೇನೆ. ಹೈಕೋರ್ಟಿಗೆ ಅಪೀಲು ಹಾಕಿದ್ದೇವೆ. ದುರ್ಗಾಪ್ರಸಾದನ ಮನೆಗೆ ನಾನೇ ಹೋದೆ. "ಕೋರ್ಟಲ್ಲಿ ಮುಖ ತಿರುಗಿಸಿದವಳು ನೀನೇ ತಾನೇ?" ಎಂದ. ಹೌದು ಎಂದೆ. "ಎಲ್ಲಿ ಸಹಿ ಹಾಕಬೇಕು?" ಎಂದ. ಆದರೆ ಅವನ ಹೆಸರನ್ನು ಮೊದಲೇ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಬೇಕು. ಆ ಉತ್ತರ ನಿನ್ನ ಹತ್ತಿರ ಮಾತ್ರ ಇದೆ. ನನಗೆ ಬರೆದದ್ದನ್ನೇ ನೋಟರಿಯ ಮುಂದೆ ಪ್ರಮಾಣ ಮಾಡಿ ಬರೆದು ಕಳಿಸು. ರಾಜಕಾರಣಿಯಿಂದ ವರ್ಗ ಮಾಡಿಸಿಕೊಂಡೆ ಎಂದು ಒಪ್ಪಿಕೊಂಡರೆ ಬ್ಯಾಂಕು ನಿನ್ನ ಮೇಲೆ ಕ್ರಮ ತೆಗೆದುಕೊಳ್ಳುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದೇನೆ.

ಬೇಗ ಕಳಿಸು. ಇವರ ಕಾಲು ಊದಿಕೊಂಡಿದೆ.

ಸುಮಿತ್ರಾ


ವಿಶಾಖಪಟ್ಟಣ
11-12-1988

ನರಸಿಂಹಮೂರ್ತಿಗೆ,

ನಿನ್ನ ರಿಜಿಸ್ಟರ್ಡ್ ಲಕೋಟೆ ನವೆಂಬರ್ 9ಕ್ಕೆ ತಲುಪಿತು. ಪ್ರಮಾಣಪತ್ರದಲ್ಲಿ ಏನನ್ನೂ ಬಿಟ್ಟಿಲ್ಲ. ಅಷ್ಟನ್ನು ಬರೆಯಲು ನಿನಗೆ ಐದೂವರೆ ತಿಂಗಳು ಹಿಡಿಯಿತು. ಆದರೂ ಬರೆದೆ.

ಜೊತೆಗಿಟ್ಟ ಚೀಟಿಯಲ್ಲಿ "ಭಾವನಿಗೆ ನಮಸ್ಕಾರ ತಿಳಿಸು" ಎಂದು ಬರೆದಿದ್ದೀಯ. ತಿಪಟೂರಿಗೆ ಯಾರೂ ಸುದ್ದಿ ಮುಟ್ಟಿಸಿಲ್ಲವೆಂದು ಅದರಿಂದ ತಿಳಿಯಿತು. ನಿನ್ನ ಭಾವ ಅಕ್ಟೋಬರ್ 27, ಗುರುವಾರ, ಬೆಳಿಗ್ಗೆ ಆರಕ್ಕೆ ತೀರಿಕೊಂಡರು. ಹೃದಯ ನಿಂತಿತು ಎಂದು ಜೈಲಿನವರು ಕೊಟ್ಟ ಕಾಗದದಲ್ಲಿದೆ. ಟೆಲಿಗ್ರಾಂ ಕೊಡಲು ಅಂಚೆ ಕಚೇರಿಗೆ ಹೋಗಿದ್ದೆ. ಫಾರಂನಲ್ಲಿ ನಿನ್ನ ಹೆಸರು ಬರೆದೆ, ವಿಳಾಸ ಬರೆಯಲು ಕೈ ಬರಲಿಲ್ಲ.

ಎತ್ತುವ ಹೊತ್ತಿಗೆ ಒಂದು ಹೆಗಲು ಕಡಿಮೆ ಇತ್ತು. ಸಂಘದವರಲ್ಲಿ ಅರ್ಧ ಜನಕ್ಕೆ ವರ್ಗವಾಗಿದೆ, ಉಳಿದವರು ವಯಸ್ಸಾದವರು. ದುರ್ಗಾಪ್ರಸಾದ್ ಕಾಂಪೌಂಡಿನ ಆಚೆ ಸಿಗರೇಟು ಸೇದುತ್ತಾ ನಿಂತಿದ್ದ. ನನಗೆ ಒಂದು ಸಮಾಧಾನದ ಮಾತೂ ಹೇಳಿರಲಿಲ್ಲ. "ಏನ್ರೀ ಎಲ್ಲ ಮುಖ ನೋಡ್ಕೊಂಡು ನಿಂತಿದೀರಿ? ಬಿಸಿಲು ಏರ್ತಾ ಇದೆ" ಎಂದು ಗದರುತ್ತಾ ಒಳಗೆ ಬಂದು ಹೆಗಲು ಕೊಟ್ಟ. ಅಂದು ಚಪ್ಪಲಿ ಬಿಟ್ಟಿದ್ದ. ಕೊನೆಯವರೆಗೂ ಅವನು ಹೆಗಲು ಬದಲಿಸಲಿಲ್ಲ ಎಂದು ಗಿರಿಜಾ ಹೇಳಿದಳು.

ಅಪೀಲನ್ನು ಸತ್ತವರ ಹೆಂಡತಿ ಮುಂದುವರಿಸಬಹುದಂತೆ, ಮೂವತ್ತು ದಿನದೊಳಗೆ ಕೇಳಬೇಕು. ನವೆಂಬರ್ 21ಕ್ಕೆ ಸಹಿ ಹಾಕಿದೆ. ನಿನ್ನ ಪ್ರಮಾಣಪತ್ರವನ್ನೂ ದುರ್ಗಾಪ್ರಸಾದನದನ್ನೂ ಒಂದೇ ದಾರದಲ್ಲಿ ಹೊಲಿದು ಕೊಟ್ಟಿದ್ದಾರೆ. ಗೆದ್ದರೆ ಏನು ಸಿಗುತ್ತದೆ ಎಂದು ಗಿರಿಜಾ ಕೇಳಿದಳು. ಅವಳ ಅಪ್ಪ ಕೊಲೆಗಾರನಲ್ಲ ಎಂಬ ಒಂದು ಸಾಲು ಸಿಗುತ್ತದೆ. ಈಗೀಗ ಅವಳು ಕೇಳಿದ್ದಕ್ಕೆಲ್ಲ ನಾನೂ ತೆಲುಗಿನಲ್ಲೇ ಉತ್ತರ ಕೊಡುತ್ತೇನೆ.

ಸಂಘದವರು ತಿಳಿಸಿದರೆಂದು ಕಾಣುತ್ತದೆ, ಸೂರ್ಯಪ್ರಕಾಶ ಗಾರಿಂದ ಸಂತಾಪದ ಪತ್ರ ಬಂದಿದೆ. ಒಂದು ಪುಟ. ಒಳ್ಳೆಯ ಕನ್ನಡ, ದುಂಡಾದ ಅಕ್ಷರ. "ನಿಮ್ಮ ಯಜಮಾನರ ನಗುಮುಖ ಇಂದಿಗೂ ನನ್ನ ಕಣ್ಣ ಮುಂದಿದೆ, ಅದನ್ನು ಎಂದೂ ಮರೆಯಲಾರೆ" ಎಂದು ಬರೆದಿದ್ದಾರೆ. ಮೇಲೆ "ಸಹೋದರಿ ಪದ್ಮಾ ಅವರಿಗೆ" ಎಂದಿದೆ.

ಅದನ್ನು ಇದರ ಜೊತೆ ಇಟ್ಟಿದ್ದೇನೆ. ಪದ್ಮಾಳ ಹೆಸರಿಗೆ ಬಂದದ್ದು, ಅವಳಿಗೆ ಕೊಡು.

ಸುಮಿತ್ರಾ